ಇನ್ನೊಂದು ಅಂದವರ ಮೈಗೆ

ನಮ್ಮೂರಿನಲ್ಲಿ ವ್ಯಾಯಾಮ ಹೇಳಿಕೊಡುವವನಿಗೆ ಇರಬೇಕಾದ ಮೊದಲ ಅರ್ಹತೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು. ನನಗೆ ಡಿಗ್ರಿ ಇದೆ, ಅದರ ಮೇಲೊಂದು ಡಿಪ್ಲೊಮಾ ಇದೆ, ಯಾವ ಮೂಳೆಗೆ ಯಾವ ಸ್ನಾಯು ಅಂಟಿಕೊಂಡಿದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಬಲಭೀಮ ಜಿಮ್ಮಿನ ಮಾಲೀಕ ಕೆಂಪರಾಜು ಸಾರ್ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಇದ್ಯಾವುದನ್ನೂ ಕೇಳಲಿಲ್ಲ. ಎದುರಿಗೆ ಒಬ್ಬನಿಂದ ಬಸ್ಕಿ ಹೊಡೆಸಿ, ನನ್ನನ್ನು ಅವನ ಪಕ್ಕ ನಿಲ್ಲಿಸಿ, ನನ್ನ ತುಟಿಯನ್ನೇ ನೋಡುತ್ತ ಕುಳಿತರು. ಅವನು ಬೆವರಿ, ತೊಡೆ ನಡುಗಿಸಿ, ಏಳಲಾರದೆ ಎದ್ದು ನಿಂತಾಗ, ಲೋಕದ ಯಾವ ತರಬೇತುದಾರನ ಬಾಯಿಂದಲೂ ತಾನಾಗಿ ಉದುರುವ ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡೆ. "ನಾಳೆಯಿಂದ ಬಾ" ಅಂದರು.

ಆ ಮಾತು 'ಇನ್ನೊಂದು'. ನಮ್ಮೂರಿನಲ್ಲಿ ಬಸ್ಕಿ ಹೊಡೆದವರ ಕಾಲಿಗೆ ಬಲ ಬರುವುದಿಲ್ಲ. ಪಕ್ಕದಲ್ಲಿ ನಿಂತು 'ಇನ್ನೊಂದು' ಅಂದವರ ಕಾಲಿಗೆ ಬರುತ್ತದೆ. ಹೊಡೆದವರಿಗೆ ಉಳಿಯುವುದು ದಣಿವು ಮತ್ತು ಒದ್ದೆ ಬನಿಯನ್ನು. ಯಾರೂ ಏನೂ ಅನ್ನದಿದ್ದರೆ ಹೊಡೆದ ದಂಡವೆಲ್ಲ ದಂಡ, ಬೆವರಿನ ಜೊತೆಗೇ ನೆಲಕ್ಕೆ ಹೋದ ಹಾಗೆ. ತನಗೆ ತಾನೇ ಹೇಳಿಕೊಂಡರೂ ನಡೆಯುವುದಿಲ್ಲ. ಊಟಕ್ಕೂ ಇದೇ ಕಾನೂನು. ಪಂಕ್ತಿಯಲ್ಲಿ ಬಡಿಸುವವರು 'ಇನ್ನೊಂದು ಹೋಳಿಗೆ' ಎಂದು ಒತ್ತಾಯ ಮಾಡಿದರೆ ಉಂಡವರ ಹೊಟ್ಟೆ ತುಂಬುತ್ತದೆ, ಮೈ ತುಂಬುವುದು ಬಡಿಸಿದವರದು. ಅದಕ್ಕೇ ನಮ್ಮೂರಿನ ಅಡುಗೆಯವರೆಲ್ಲ ಗುಡಾಣದ ಹಾಗಿರುತ್ತಾರೆ. ಅದಕ್ಕೇ ನಮ್ಮೂರಿನ ತಾಯಂದಿರು ಮಕ್ಕಳಿಗೆ ತುತ್ತು ಇಡುವಾಗ ಏನೂ ಮಾತಾಡದೆ ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ನನಗೆ ಈಗಲೂ ಯಾರಾದರೂ ಸ್ಟೀಲ್ ತಟ್ಟೆ ತಟ್ಟಿದರೆ ಬಾಯಿ ತಾನಾಗಿ ತೆರೆಯುತ್ತದೆ.

ಹೀಗಾಗಿ ಇಲ್ಲಿ ಎಲ್ಲರಿಗೂ ಒಬ್ಬರು ಜೋಡಿ ಬೇಕು. ಮದುವೆಯಲ್ಲಿ ತಾಳಿ ಕಟ್ಟಿದ ಮೇಲೆ ಗಂಡು ಹಸೆಮಣೆಯ ಮೇಲೆ ಒಂದು ಬಸ್ಕಿ ಹೊಡೆಯುತ್ತಾನೆ, ಹೆಣ್ಣು ನಾಚಿಕೊಂಡು 'ಇನ್ನೊಂದು' ಅನ್ನುತ್ತಾಳೆ. ಆಮೇಲೆ ಹೆಣ್ಣಿನ ಸರದಿ. ಗಂಡಹೆಂಡಿರು ಜಗಳವಾಡಿ ಮಾತು ಬಿಟ್ಟರೆ ಯಾರೂ ಚಾಡಿ ಹೇಳಬೇಕಾಗಿಲ್ಲ, ಭುಜ ಜೋತುಬಿದ್ದದ್ದು ನೋಡಿದರೆ ಬೀದಿಗೇ ಗೊತ್ತಾಗುತ್ತದೆ. ಕೆಲವು ಬುದ್ಧಿವಂತರು ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕಿಕೊಂಡು ನೋಡಿದರು. ಯಾರ ಮೈಗೂ ಏನೂ ಬರಲಿಲ್ಲ, ಫೋನಿನ ಬ್ಯಾಟರಿ ಮಾತ್ರ ವಾರಗಟ್ಟಲೆ ಇಳಿಯಲಿಲ್ಲ.

ನನ್ನ ಹೆಸರು ಅಚಲ. ಹೆಸರು ಅಚಲ, ಕಸುಬು ಊರನ್ನು ಅಲುಗಾಡಿಸುವುದು. ನನ್ನ ಜೋಡಿ ಸಾದಿಕ್, ಪಂಕ್ಚರ್ ಅಂಗಡಿಯವನು. ಸಂಜೆ ಅವನು ನನಗಾಗಿ ದಂಡ ಹೊಡೆಯುತ್ತಾನೆ, ನಾನು ಅವನಿಗಾಗಿ. ಬೆಳಗ್ಗೆಯೆಲ್ಲ ಜಿಮ್ಮಿನಲ್ಲಿ ಮೂಕನಾಗಿ ನಿಂತು ಕೈಸನ್ನೆಯಲ್ಲೇ ಪಾಠ ಹೇಳುತ್ತೇನೆ. ಅಂಗೈ ಕೆಳಗೆ ಮಾಡಿದರೆ ನಿಧಾನ ಇಳಿಯಿರಿ. ಹಿಮ್ಮಡಿ ಮುಟ್ಟಿ ತೋರಿಸಿದರೆ ಅದು ನೆಲ ಬಿಡಬಾರದು. ಎದೆಯ ಮೇಲೆ ಕೈಯಿಟ್ಟರೆ ಉಸಿರು ಕಟ್ಟಬೇಡಿ. ನನ್ನಂಥವನಿಗೆ ಇದೊಂದು ಶಿಕ್ಷೆ. ಕಾಲೇಜಿನಲ್ಲಿ ನಾನು ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಇಡೀ ಕಟ್ಟಡ ಖಾಲಿ ಮಾಡಿಸಿದವನು. ಊರಿನಲ್ಲಿ ಯಾರ ದನಿ ಕೇಳಿದರೂ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ಬಾಡಿಗೆದಾರರು ಇಷ್ಟು ಜನ, ಹೊರಗೆ ಬಿಡಲು ಒಂದೇ ಬಾಗಿಲು, ಆ ಬಾಗಿಲಿಗೂ ಬೀಗ. ಹಾಗಾಗಿ ಜಿಮ್ಮು ಮುಗಿದದ್ದೇ ತಡ, ಎದುರಿನ ಭಟ್ಟರ ಹೋಟೆಲಿಗೆ ಹೋಗಿ ಬೀಗ ತೆಗೆಯುತ್ತಿದ್ದೆ.

ಕೆಂಪರಾಜು ಸಾರ್ ದನಿಯೆಂದರೆ ಒಣ ತೆಂಗಿನಗರಿಯನ್ನು ಸಿಮೆಂಟ್ ರಸ್ತೆಯ ಮೇಲೆ ಎಳೆದ ಹಾಗೆ. ಆ ದನಿಯಲ್ಲಿ ನಾನು ಪಥ್ಯ ಹೇಳುತ್ತಿದ್ದರೆ ಸಾದಿಕ್ ಚಟ್ನಿ ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದ. "ಸಕ್ಕರೆ ಬಿಡು, ಮೈದಾ ಬಿಡು, ಕರಿದದ್ದು ಬಿಡು, ಆಸೆ ಬಿಡು. ಬೆಳಗ್ಗೆ ಮೊಳಕೆ ಹೆಸರುಕಾಳು ತಿನ್ನು, ಮೊಳಕೆ ನಿನ್ನ ಹಲ್ಲಿಗೆ ಸಿಕ್ಕೊಂಡ್ರೆ ಅದೂ ವ್ಯಾಯಾಮ." ಇಷ್ಟು ಹೇಳಿ, ಸಾದಿಕನ ತಟ್ಟೆಯ ಬೆಣ್ಣೆ ದೋಸೆ ಮುಗಿಯುತ್ತಿದ್ದ ಹಾಗೇ ಅದೇ ದನಿಯಲ್ಲಿ "ಇನ್ನೊಂದು" ಅನ್ನುತ್ತಿದ್ದೆ. ಹೋಟೆಲಿಗೆ ಹೋಟೆಲೇ ನಗುತ್ತಿತ್ತು. ಭಟ್ಟರು ಇನ್ನೊಂದು ಹುಯ್ಯುತ್ತಿದ್ದರು.

ಈ ಆಟ ನಡೆದ ದಿನಗಳಲ್ಲೇ ಕೆಂಪರಾಜು ಸಾರ್‌ಗೆ ಹೊಟ್ಟೆ ಬರತೊಡಗಿತು. ಗೋಡೆಯ ಮೇಲೆ ತಮ್ಮದೇ ಫೋಟೋ ಹಾಕಿಕೊಂಡ ಮನುಷ್ಯ ಅವರು. ಅವರ ಸಿಕ್ಸ್ ಪ್ಯಾಕ್ ದಿನದಿನಕ್ಕೆ ಒಂದಕ್ಕೊಂದು ಸೇರಿಕೊಂಡು ಒಂದೇ ಪಾರ್ಸೆಲ್ ಆಯಿತು. ಅನ್ನ ಬಿಟ್ಟರು, ಬರೀ ಸೌತೆಕಾಯಿ ತಿಂದರು. ಎಲ್ಲರೂ ಹೊಟ್ಟೆಪಾಡಿಗೆ ದುಡಿದರೆ ಅವರದು ಅಕ್ಷರಶಃ ಹೊಟ್ಟೆಯ ಪಾಡು. ಕೊನೆಗೊಂದು ಬೆಳಗ್ಗೆ ಚಿಲ್ಲರೆ ಕೇಳಲು ಹೋಟೆಲಿನ ಬಾಗಿಲಿಗೆ ಬಂದವರು ಒಳಗಿನಿಂದ ತಮ್ಮ ದನಿ ಕೇಳಿ ಹೊಸ್ತಿಲಲ್ಲೇ ನಿಂತರು.

"ನಾನಿಲ್ಲಿ ಹೊರಗಿದೀನಲ್ಲ," ಅಂದರು ಮೆಲ್ಲಗೆ, "ಹಾಗಾದ್ರೆ ಒಳಗೆ ದೋಸೆ ತಿನ್ನುಸ್ತಿರೋ ನಾನು ಯಾರು?"

ಸಾದಿಕ್ ಬಾಯಲ್ಲಿದ್ದ ತುಂಡನ್ನು ಅಗಿಯುವುದೋ ಬಿಡುವುದೋ ತಿಳಿಯದೆ ಕುಳಿತ. ಕೆಂಪರಾಜು ಸಾರ್ ತಮ್ಮ ಹೊಟ್ಟೆಯನ್ನೂ ಅವನ ತಟ್ಟೆಯನ್ನೂ ನನ್ನ ಮುಖವನ್ನೂ ಒಂದೊಂದಾಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಬ್ರೂ ಹಿತ್ತಲಿಗೆ ಬನ್ನಿ" ಅಂದರು.

ಜಿಮ್ಮಿನ ಹಿತ್ತಲಿನಲ್ಲಿ ಒಂದು ಹಳೆಯ ಬಾವಿಕಟ್ಟೆ, ಅದರ ಪಕ್ಕ ಒಂದು ನುಗ್ಗೆಮರ. ಸಾದಿಕ್ ತಿಂದದ್ದನ್ನೆಲ್ಲ ಬಸ್ಕಿಯಲ್ಲಿ ತೀರಿಸಬೇಕು, ನಾನು ಕೆಂಪರಾಜು ಸಾರ್ ದನಿಯಲ್ಲಿ 'ಇನ್ನೊಂದು' ಅನ್ನಬೇಕು, ಅವರು ಮಾತಾಡದೆ ಕಟ್ಟೆಯ ಮೇಲೆ ಕೂರಬೇಕು. "ನಂಗೂ ಗೊತ್ತಾಗ್ಲಿ" ಅಂದರು. ನಾನು ಅಂದೆ. ಸಾದಿಕ್ ಇಳಿದ, ಎದ್ದ, ಇಳಿದ. ಅವನ ಬನಿಯನ್ನು ನೆಂದು ಮೈಗೆ ಅಂಟಿಕೊಳ್ಳುವ ಹೊತ್ತಿಗೆ ಕೆಂಪರಾಜು ಸಾರ್ ಎದ್ದು ನಿಂತರು. ಅವರ ಪ್ಯಾಂಟು ಸೊಂಟದಿಂದ ಒಂದಿಷ್ಟು ಜಾರಿತು. ಅವರು ಬೆಲ್ಟಿನ ತುದಿ ಹಿಡಿದು ಮುಂದಿನ ತೂತಿಗೆ ಸಿಕ್ಕಿಸಿದರು. ನುಗ್ಗೆ ಹೂವು ಉದುರುವುದೂ ಕೇಳುತ್ತಿತ್ತು. ಮಾತಿನ ಮಹಿಮೆ ಹುಟ್ಟಿದಂದಿನಿಂದ ಕಂಡ ಊರು ನಮ್ಮದು, ಆದರೆ ಒಬ್ಬರ ಮಾತು ಇನ್ನೊಬ್ಬರ ಬಾಯಿಂದ ಬಂದು ಮೊದಲಿನವರ ಮೈ ಸೇರಿದ್ದನ್ನು ಯಾರೂ ಕಂಡಿರಲಿಲ್ಲ. ನನ್ನ ಗಂಟಲನ್ನು ನಾನೇ ಮುಟ್ಟಿ ನೋಡಿಕೊಂಡೆ. ಅದು ಎಂದಿನ ಹಾಗೇ ಇತ್ತು, ಸ್ವಲ್ಪ ಬಿಸಿಯಾಗಿತ್ತು.

"ಮಾಸ್ಟ್ರೇ" ಎಂದು ಯಾರೋ ಕರೆದರು. ಹಿತ್ತಲ ಗೇಟಿನಲ್ಲಿ ಒಬ್ಬ ಹೆಂಗಸು ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ನಮ್ಮೆಜಮಾನ್ರ ದನಿ ಬರ್ತದಾ ನಿಮಗೆ?"

ದೇವೀರಮ್ಮ ಅವರು. ಅವರ ಯಜಮಾನರು ಗವಿರಂಗಪ್ಪ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳನ್ನು ಕೂಗುತ್ತಿದ್ದವರು. ಊರಿನಲ್ಲಿ ಅವರ ಮುಖ ಕಂಡವರಿಗಿಂತ ದನಿ ಕೇಳಿದವರೇ ಹೆಚ್ಚು. ಕಳೆದ ಬೇಸಿಗೆಯಲ್ಲಿ ಮೈಕಿನ ಮುಂದೆಯೇ ಅವರಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು, ಜೊತೆಗೆ ಮಾತು. ಅಂದಿನಿಂದ ಬಸ್ಸುಗಳು ಹೇಳದೆ ಕೇಳದೆ ಹೊರಟುಹೋಗುತ್ತಿದ್ದವು. ಕೈಕಾಲು ಹೋದವರು ನಮ್ಮೂರಿನಲ್ಲಿ ಎಷ್ಟೋ ಜನ ಎದ್ದಿದ್ದಾರೆ. ಮನೆಯವರು ಬಸ್ಕಿ ಹೊಡೆಯುತ್ತಾರೆ, ಮಲಗಿದವರು ಮಲಗಿದಲ್ಲಿಂದಲೇ 'ಇನ್ನೊಂದು' ಅನ್ನುತ್ತಾರೆ, ಎದ್ದು ಕೂರುತ್ತಾರೆ. ಮಾತು ಹೋದವರು ಮಾತ್ರ ಎದ್ದದ್ದಿಲ್ಲ. ಅವರು ಮೆಲ್ಲಗೆ ಕರಗುತ್ತ ಹೋಗುತ್ತಾರೆ, ನೋಡುವವರು ನೋಡುತ್ತ ಇರುತ್ತಾರೆ.

"ಅವರ ದನಿ ಯಾರಿಗೆ ಬರಲ್ಲ ಹೇಳಿ," ಅಂದೆ. ನನಗೆ ಅದು ಎಡಗೈ ಆಟ. ಆ ಸಂಜೆಯೇ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಕಿಟಕಿಯ ಪಕ್ಕ ಮಂಚ. ಗವಿರಂಗಪ್ಪ ದಿಂಬಿಗೆ ಒರಗಿದ್ದರು. ಮೈ ಹಾಸಿಗೆಗೆ ಅಂಟಿದ ಹಾಗಿತ್ತು, ಕಣ್ಣು ಮಾತ್ರ ಚುರುಕಾಗಿ ನನ್ನನ್ನು ಕಾಲಿನಿಂದ ತಲೆಯವರೆಗೆ ಓದಿತು. ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಎದುರಿಗೆ ನಿಂತರು. ನಾನು ಮೂಗಿಗೆ ಒಂದಿಷ್ಟು ಗಾಳಿ ತುಂಬಿಕೊಂಡು, ಒಂದು ಕೈ ಕಿವಿಗೆ ಹಿಡಿದು, "ಪ್ರಯಾಣಿಕರ ಗಮನಕ್ಕೆ, ಕೆರೆಬಾಗಿಲು, ಹಳೇಪೇಟೆ, ಸಂತೆಮಾಳ ಕಡೆ ಹೋಗುವವರು ಬೇಗ ಬೇಗ ಹತ್ತಿಕೊಳ್ಳಿ" ಎಂದು ಒಮ್ಮೆ ದನಿ ಹದ ಮಾಡಿಕೊಂಡೆ. ಪಕ್ಕದ ಮನೆಯ ಮುದುಕಿಯೊಬ್ಬರು ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಅಷ್ಟು ಚೆನ್ನಾಗಿ ಬಂದಿತ್ತು. ದೇವೀರಮ್ಮ ಕೂತು ಎದ್ದರು. "ಇನ್ನೊಂದು" ಅಂದೆ, ಅದೇ ದನಿಯಲ್ಲಿ. ಅವರು ಮತ್ತೆ ಕೂತು ಎದ್ದರು. ನಾನು ಅನ್ನುತ್ತ ಹೋದೆ, ಅವರು ಮಾಡುತ್ತ ಹೋದರು. ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನ ತುದಿಗೆ ಬಂತು. ಮಂಚದ ಮೇಲಿನ ಬಲಗಾಲು ಇಟ್ಟ ಹಾಗೇ ಇತ್ತು.

ಗವಿರಂಗಪ್ಪನವರ ಬಾಯಿಯ ಎಡಬದಿ ಮೇಲಕ್ಕೆದ್ದಿತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ದೇವೀರಮ್ಮ ಮೊಣಕಾಲು ಹಿಡಿದು ನೆಲಕ್ಕೆ ಕುಳಿತರು. "ಅದು ಮೈಕಿನ ದನಿ ಮಾಸ್ಟ್ರೇ," ಅಂದರು. "ಅದು ಇವರದಲ್ಲ. ಮನೇಲಿ ಇವ್ರು ಯಾವತ್ತೂ ಹಂಗೆ ಕೂಗಿದ್ದಿಲ್ಲ. ಬಸ್ ಸ್ಟ್ಯಾಂಡಲ್ಲಿ ಎಲ್ಲಾ ಖರ್ಚು ಮಾಡಿ ಬಂದಿರ್ತಿದ್ರಲ್ಲ, ಮನೇಲಿ ಪಿಸಪಿಸ ಅಂತಲೇ ಮಾತು. ಉಪ್ಪು ಬೇಕು ಅಂದ್ರೂ ಗುಟ್ಟು ಹೇಳ್ದಂಗೆ."

"ಹಂಗಾದ್ರೆ ಆ ದನಿ ನಾನು ಕೇಳೇ ಇಲ್ವಲ್ಲ, ಅಮ್ಮ."

"ನಾನು ಕೇಳಿದೀನಲ್ಲ."

ಅವರು ಹೇಳಿಕೊಡಲು ಕುಳಿತರು. ನನಗೆ ಪಾಠ ಹೇಳಿದ ಮೇಷ್ಟರುಗಳು ಅನೇಕರು. ಹೀಗೆ ಯಾರೂ ಹೇಳಿರಲಿಲ್ಲ. ಮೊದಲು ಅವರಿಗೆ ನಾಚಿಕೆ. ಗಂಡನ ದನಿಯನ್ನು ಬಾಯಿಬಿಟ್ಟು ಆಡಿ ತೋರಿಸುವುದು ಹೇಗೆ? ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದರು. "ಮೊದಲಿಗೆ ಮಾತಿಲ್ಲ, ಬರೀ ಉಸಿರು. ನಾನು ಇಳೀವಾಗ ಇವರೂ ಉಸಿರು ಹಿಡೀತಿದ್ರು, ಎಲ್ಲಿ ಬೀಳ್ತೀನೋ ಅಂತ. ನಾನು ಎದ್ದ ಮೇಲೆ ಬಿಡೋರು. ಆ ಬಿಡೋ ಉಸಿರಲ್ಲೇ ಮಾತು ಬರ್ತಿತ್ತು. ಬೇರೆ ಉಸಿರು ತಗೊಂಡು ಹೇಳ್ತಿರಲಿಲ್ಲ." ನಾನು ಆಡಿದೆ. "ಅಲ್ಲ, ಇಷ್ಟು ಗಟ್ಟಿಯಲ್ಲ." ಆಡಿದೆ. "ಇದು ಹುಕುಂ ಆಯ್ತು. ಅವರದು ಹುಕುಂ ಅಲ್ಲ, ಕೇಳೋದು. ಕೈಲಾದ್ರೆ ಮಾಡು ಅಂತ. ಆಗದಿದ್ರೆ ಬಿಡು ಅಂತ." ಮತ್ತೆ ಆಡಿದೆ. ಪ್ರತಿ ಸಲವೂ ನಾವಿಬ್ಬರೂ ಮಂಚದ ಕಡೆ ನೋಡುತ್ತಿದ್ದೆವು. ಗವಿರಂಗಪ್ಪನವರ ಕಣ್ಣು ಪರೀಕ್ಷಕರ ಹಾಗೆ ಒಮ್ಮೆ ಮುಚ್ಚಿ ತೆರೆಯುತ್ತಿತ್ತು. ಅಲ್ಲ.

ನನಗೆ ದನಿ ಎಂದರೆ ಗಂಟಲು, ಮೂಗು, ನಾಲಿಗೆ. ಯಾರದನ್ನಾದರೂ ಎತ್ತಿಕೊಳ್ಳುವುದೆಂದರೆ ಅವರ ಊನವನ್ನು ಎತ್ತಿಕೊಳ್ಳುವುದು. ಇವರ ಗೊಗ್ಗರು, ಅವರ ತೊದಲು, ಇನ್ನೊಬ್ಬರ ಸೊರಸೊರ. ನಗಿಸುವುದಕ್ಕೆ ಅಷ್ಟು ಸಾಕು. ಇಲ್ಲಿ ಊನವೇ ಇರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರು ಬೀಳದಿರಲಿ ಎಂದು ಹಿಡಿದ ಉಸಿರು ಇತ್ತು, ಅಷ್ಟೇ. ಅದನ್ನು ಆಡುವುದಕ್ಕೆ ದಾರಿ ಒಂದೇ. ನಾನೂ ಹಿಡಿಯಬೇಕು. ಅದನ್ನು ತಿಳಿದ ಮೇಲೆ ನಾನು ದೇವೀರಮ್ಮನವರ ಮುಖ ನೋಡುವುದು ಬಿಟ್ಟು ಮೊಣಕಾಲು ನೋಡತೊಡಗಿದೆ. ಅವರು ಇಳಿದರು. ಮೊಣಕಾಲು ನಡುಗಿತು. ಬೀಳುತ್ತಾರೆ ಅನಿಸಿತು, ನಿಜವಾಗಿಯೂ ಅನಿಸಿತು, ನನ್ನ ಉಸಿರು ನಿಂತಿತು. ಅವರು ಎದ್ದರು. ನಿಂತಿದ್ದ ಉಸಿರು ಹೊರಗೆ ಬಂತು, ಅದರ ಮೇಲೆ ಕುಳಿತು ಮಾತೂ ಬಂತು.

"ಇನ್ನೊಂದು."

ದೇವೀರಮ್ಮ ತಟ್ಟನೆ ಮಂಚದ ಕಡೆ ತಿರುಗಿದರು, ದನಿ ಬಂದದ್ದು ಅಲ್ಲಿಂದಲೇ ಎನ್ನುವ ಹಾಗೆ. ಅಲ್ಲಿ ಹೊದಿಕೆಯ ಕೆಳಗೆ, ಬಲಗಾಲಿನ ಹೆಬ್ಬೆರಳು ಇದ್ದ ಜಾಗದಲ್ಲಿ, ಬಟ್ಟೆ ಒಂದಿಷ್ಟು ಮೇಲೆದ್ದು ಕೆಳಗಿಳಿಯಿತು. ಬೆಕ್ಕಿನ ಮರಿ ಮಗ್ಗುಲು ಬದಲಿಸಿದಷ್ಟು. ಗವಿರಂಗಪ್ಪನವರ ಕಣ್ಣು ಮುಚ್ಚಲಿಲ್ಲ. ತೆರೆದೇ ಇತ್ತು, ತುಂಬಿಕೊಂಡಿತು.

ಆಮೇಲೆ ದಿನಾ ಬೆಳಗ್ಗೆ ಜಿಮ್ಮಿಗಿಂತ ಮೊದಲು ಆ ಮನೆಗೆ ಹೋಗುತ್ತಿದ್ದೆ. ನಾನು ತಡವಾಗಿ ಬಂದರೂ ಕೆಂಪರಾಜು ಸಾರ್ ಏನೂ ಅನ್ನುತ್ತಿರಲಿಲ್ಲ. ನನ್ನ ಬಾಯಿಯ ಮೇಲೆ ಅವರಿಗೆ ಭಯ ಹುಟ್ಟಿತ್ತು, ಭಕ್ತಿಯೂ ಇದ್ದೀತು. ಹೆಬ್ಬೆರಳಿನಿಂದ ಪಾದಕ್ಕೆ, ಪಾದದಿಂದ ಮೊಣಕಾಲಿಗೆ, ಬಲ ಮೆಲ್ಲಗೆ ಹತ್ತುವುದನ್ನು ಕಣ್ಣಾರೆ ಕಂಡೆ. ಹಳ್ಳಕ್ಕೆ ಹೊಸ ನೀರು ಬರುವಾಗ ಮೊದಲು ಮರಳು ಕಪ್ಪಾಗುತ್ತದಲ್ಲ, ಹಾಗೆ. ರಾಗಿ ಗಂಜಿ ತೆಳ್ಳಗೆ ಮಾಡಿ, ಉಪ್ಪು ಕಡಿಮೆ ಹಾಕಿ, ಬೇಯಿಸಿದ ಹೆಸರುಬೇಳೆ ಕಡೆದು ಬೆರೆಸಿ ಕೊಡಿ ಎಂದು ನಾನು ಹೇಳಿದ್ದನ್ನು ದೇವೀರಮ್ಮ ಹಾಗೇ ಮಾಡಿದರು. ಕುಡಿಸುವಾಗ ಲೋಟದ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು.

ನನ್ನ ಮಾತಿನಲ್ಲಿ ಅವರು ಕೇಳದೆ ಉಳಿದದ್ದು ಒಂದೇ. "ಒಂದಿನ ಬಿಟ್ಟು ಒಂದಿನ ಮಾಡಿ ಅಮ್ಮ. ಮೈ ಕಟ್ಟೋದು ಮಲಗಿದಾಗ. ಮೊಣಕಾಲು ಊದಿದೆ, ನೋಡಿ."

"ನನ್ನ ಮೈ ಕಟ್ಟೋದು ಯಾರಿಗೆ ಬೇಕು ಮಾಸ್ಟ್ರೇ. ನೀವು ಹೇಳಿ, ನಾನು ಮಾಡ್ತೀನಿ."

ಅವರು ದಣಿಯುತ್ತಿದ್ದರು. ಮಾಡುವ ಬಸ್ಕಿಯೆಲ್ಲ ಮಂಚಕ್ಕೆ ಹೋಗುತ್ತಿತ್ತು, ಅವರಿಗಾಗಿ ಮಾಡುವವರು ಯಾರೂ ಇರಲಿಲ್ಲ. ಮೊದಲು ಅವರಿಗಾಗಿ ಮಾಡುತ್ತಿದ್ದವರು ಮಂಚದ ಮೇಲಿದ್ದರು. ಏಳುವಾಗ ಎರಡು ಕೈಯಲ್ಲೂ ಮೊಣಕಾಲು ಒತ್ತಿ ಹಿಡಿದು, ಹಲ್ಲು ಕಚ್ಚಿ ಏಳುತ್ತಿದ್ದರು. ಸೀರೆಯ ಕೆಳಗೆ ಕಾಲು ಒಲೆಯ ಸೌದೆಯ ಹಾಗಾಗಿತ್ತು. ಹೀಗೇ ಹೋದರೆ ಗವಿರಂಗಪ್ಪ ಏಳುವ ದಿನ ಇವರು ಮಲಗುತ್ತಾರೆ, ಮಲಗಿದರೆ ಮತ್ತೆ ಏಳುವುದಿಲ್ಲ. ಇದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಂಚದ ಮೇಲಿನ ಕಣ್ಣಿಗೆ ನಮ್ಮಿಬ್ಬರಿಗಿಂತ ಹೆಚ್ಚು ಗೊತ್ತಿತ್ತು. ಅದು ಈಗ ಹೆಂಡತಿಯ ಮೊಣಕಾಲನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ.

ಬೀದಿಯವರು ಕೈಕಟ್ಟಿ ಕೂರಲಿಲ್ಲ. ಬಸ್ಸು ತಪ್ಪಿಸಿಕೊಂಡ ಮುದುಕಿಯಿಂದ ಹಿಡಿದು ಎಲ್ಲರೂ ಬಂದರು. ಸಾದಿಕ್ ಒಂದು ದಿನ ಅಂಗಡಿ ಮುಚ್ಚಿ ಬಂದು, ಜಗಲಿಯ ಮೇಲೆ ಲುಂಗಿ ಮೇಲಕ್ಕೆ ಕಟ್ಟಿ ನಿಂತ. "ಅಮ್ಮಾ, ನಾನು ಬಸ್ಕಿ ಹೊಡೀತೀನಿ, ನೀವು ಒಂದ್ ಮಾತು ಅನ್ನಿ. ತಿಂದಿರೋ ದೋಸೆ ಇನ್ನೂ ಐತೆ ಹೊಟ್ಟೆಯಾಗೆ." ದೇವೀರಮ್ಮ ನಕ್ಕರು, ತಲೆಯಾಡಿಸಿದರು. "ಬಾಯಿಗೆ ಬರಲ್ಲ ಕಣಪ್ಪ. ಇವರು ಬಸ್ಕಿ ಹೊಡೀವಾಗ ಅಂದ ಮಾತು ಅದು. ಮದುವೆ ಮಣೆ ಮೇಲಿಂದ ಇವರಿಗೆ ಬಿಟ್ಟು ಯಾರಿಗೂ ಅಂದಿಲ್ಲ. ಬೇರೆಯವರ ಮುಂದೆ ಬಾಯಿ ತೆಗೆದ್ರೆ ಗಂಟಲು ಕಟ್ತದೆ." ಎರಡು ಸಲ ಪ್ರಯತ್ನವನ್ನೂ ಮಾಡಿದರು. 'ಇನ್' ಎಂದು ಶುರುವಾಗಿ ಅಲ್ಲೇ ನಿಂತುಹೋಯಿತು.

ನಾನೇ ಅವರ ದನಿಯಲ್ಲಿ ಅಂದುಬಿಟ್ಟರೆ? ಈ ಯೋಚನೆ ಬರದೆ ಇರುತ್ತದೆಯೇ. ಸಾದಿಕನನ್ನು ಅವನ ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ, ಟೈರುಗಳ ನಡುವೆ ಬಸ್ಕಿ ಹೊಡೆಸಿ, ದೇವೀರಮ್ಮನವರ ದನಿಯಲ್ಲಿ ಅಂದು ನೋಡಿದೆ. ಸಾದಿಕ್ ಕಣ್ಣು ಮುಚ್ಚಿಕೊಂಡು, "ಅಯ್ಯೋ ಅಮ್ಮಾನೇ ಬಂದಂಗಾಯ್ತಲ್ಲೋ" ಅಂದ. ಅಷ್ಟು ಚೆನ್ನಾಗಿ ಬಂದಿತ್ತು. ಆದರೆ ಮರುದಿನ ಅವರ ಮೊಣಕಾಲು ಹಾಗೇ ಇತ್ತು. ನನಗೆ ಬರುವುದು ಅವರು ಹಾಲಿನವನ ಹತ್ತಿರ, ನನ್ನ ಹತ್ತಿರ ಆಡುವ ದನಿ. ಆ ಒಂದು ಮಾತು ಆಡುವಾಗಿನ ದನಿಯನ್ನು ಕೇಳಿದವರು ಲೋಕದಲ್ಲಿ ಗವಿರಂಗಪ್ಪನವರೊಬ್ಬರೇ. ಅದನ್ನು ನನಗೆ ಹೇಳಿಕೊಡಬಲ್ಲವರೂ ಅವರೊಬ್ಬರೇ. ಅವರಿಗೆ ಮಾತಿಲ್ಲ. ಗಂಡನ ದನಿಯನ್ನು ಹೆಂಡತಿಯಿಂದ ಕಲಿತೆ, ಹೆಂಡತಿಯ ದನಿ ಗಂಡನಲ್ಲಿ ಬೀಗ ಹಾಕಿಕೊಂಡು ಕುಳಿತಿತ್ತು. ಊರಿನ ದನಿಗಳನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ಓಡಾಡುವವನು ನಾನು, ಟೈರಿನ ರಾಶಿಯ ಮೇಲೆ ಸುಮ್ಮನೆ ಕುಳಿತೆ.

ಒಂದು ಬೆಳಗ್ಗೆ ಮೋಡ ಕವಿದಿತ್ತು. ನಾನು ಹೋದಾಗ ದೇವೀರಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು, ಒಂದು ಕೈ ಗೋಡೆಗೆ. ಗವಿರಂಗಪ್ಪ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಅಷ್ಟರಮಟ್ಟಿಗೆ ಬಂದಿದ್ದರು. "ಇವತ್ತು ಬೇಡ ಅಮ್ಮ" ಅಂದೆ. "ಇವತ್ತು ನಿಲ್ತಾರೆ ಅನ್ನಿಸ್ತದೆ ಮಾಸ್ಟ್ರೇ, ಸ್ವಲ್ಪಕ್ಕೆ ನಿಲ್ಲಿಸಬೇಡಿ" ಅಂದರು. ಇಳಿದರು. ನನ್ನ ಉಸಿರು ನಿಂತಿತು. ಎದ್ದರು. "ಇನ್ನೊಂದು." ಇಳಿದರು, ಎದ್ದರು. ಮತ್ತೆ ಇಳಿದರು.

ಏಳಲಿಲ್ಲ. ಅರ್ಧದಲ್ಲಿ ಮೊಣಕಾಲು ಮಡಿಚಿಕೊಂಡಿತು, ಅವರು ಪಕ್ಕಕ್ಕೆ ವಾಲಿ ನೆಲಕ್ಕೆ ಕುಳಿತರು. ಕೈಯೂರಿ ಏಳಲು ನೋಡಿದರು. ಆಗಲಿಲ್ಲ. ನನ್ನ ಕಡೆ ತಿರುಗಿ, "ಹೇಳಿ, ಹೇಳಿ, ನೀವು ಹೇಳಿದ್ರೆ ಏಳ್ತೀನಿ" ಅಂದರು. ನನ್ನ ಎದೆಯಲ್ಲಿ ಉಸಿರು ಹಿಡಿದೇ ಇತ್ತು. ಬಿಟ್ಟರೆ ಮಾತು ಬರುತ್ತದೆ, ಮಾತು ಬಂದರೆ ಅವರು ಏಳುತ್ತಾರೆ, ಎದ್ದರೆ ಅದೇ ಕೊನೆಯದಾಗುತ್ತದೆ. ಬಿಡಲಾರದೆ ಹಿಡಿದುಕೊಂಡು ನಿಂತೆ. ಕಿವಿಯಲ್ಲಿ ಗುಂಯ್ ಅನ್ನತೊಡಗಿತು.

"ಸಾ..." ಎಂದಿತು ಯಾವುದೋ ದನಿ.

ನಾನು ಕೇಳಿದ ಯಾವ ದನಿಯೂ ಅಲ್ಲ ಅದು. ಮೈಕಿನದಲ್ಲ, ನಾನು ಇಷ್ಟು ದಿನ ಆಡಿದ ಪಿಸುದನಿಯೂ ಅಲ್ಲ. ತೆಳ್ಳಗೆ, ಹಸಿಯಾಗಿ, ಆಗ ತಾನೇ ತೊಟ್ಟು ಮುರಿದ ಎಲೆಯಿಂದ ಹಾಲು ಒಸರಿದ ಹಾಗೆ. "ಸಾ... ಕು."

ಗವಿರಂಗಪ್ಪನವರ ತುಟಿ ಇನ್ನೂ ಅಲುಗುತ್ತಿತ್ತು. ತಮ್ಮ ದನಿಗೆ ತಾವೇ ಬೆರಗಾದವರ ಹಾಗೆ ಒಂದು ಕ್ಷಣ ಕಿವಿಗೊಟ್ಟು ಕುಳಿತರು. ಆಮೇಲೆ ಎಡಗೈಯಿಂದ ಕಿಟಕಿಯ ಕಂಬಿ ಹಿಡಿದರು. ನಾನು ಮುಂದೆ ಹೋದೆ. ಕಣ್ಣಿನಲ್ಲೇ ತಡೆದರು. ಮೊದಲು ಎಡಗಾಲು, ಆಮೇಲೆ ಬಲಗಾಲು, ಮಂಚ ಕಿರುಗುಟ್ಟಿತು, ಅವರು ನಿಂತರು. ನಿಂತದ್ದು ಹೆಂಡತಿಗೆ ತೋರಿಸಲಿಕ್ಕಲ್ಲ. ನಿಂತವರೇ, ಕಂಬಿಯನ್ನು ಬಿಗಿಯಾಗಿ ಹಿಡಿದು, ನೆಲದ ಮೇಲೆ ಕುಳಿತಿದ್ದ ಹೆಂಡತಿಯ ಮುಖವನ್ನೇ ನೋಡುತ್ತ, ಎರಡೂ ಮೊಣಕಾಲನ್ನು ಒಂದಿಷ್ಟೇ ಬಗ್ಗಿಸಿದರು. ಬಸ್ಕಿ ಎಂದು ಕರೆಯಲಾಗದಷ್ಟು ಚಿಕ್ಕ ಬಸ್ಕಿ. ನನ್ನ ಜಿಮ್ಮಿನಲ್ಲಾದರೆ ಅಂಗೈ ತೋರಿಸಿ ಇನ್ನೂ ಕೆಳಗೆ ಅನ್ನುತ್ತಿದ್ದೆ. ಬಗ್ಗಿದವರು ಮೈಯೆಲ್ಲ ನಡುಗಿಸಿ ಮೇಲೆದ್ದರು. ಹಣೆಯಲ್ಲಿ ಬೆವರು ಮೂಡಿತು. ಕಾದರು.

ಈಗ ಯಾರೂ ಏನೂ ಅನ್ನದಿದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಷ್ಟು ತಿಂಗಳು ದೇವೀರಮ್ಮ ಬೆವರು ಸುರಿಸಿ ತುಂಬಿದ ಬಲದಲ್ಲಿ ಅವರು ಮಾಡಿದ ಮೊದಲನೆಯದು, ಪೂರ್ತಿ ದಂಡ. ನನ್ನ ಬಾಯಿ ತೆರೆದಿತ್ತು. ಅನ್ನಬಾರದು. ಅಂದರೆ ಅದು ನನ್ನ ಪಾಲಾಗುತ್ತದೆ. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡೆ. ಹೊರಗೆ ಜಗಲಿಯ ಮೇಲೆ ಯಾರೋ ಬಂದು ನಿಂತರು, ಕಿಟಕಿಯಲ್ಲಿ ಸಾದಿಕನ ಮುಖ ಕಂಡಿತು, ಮುದುಕಿಯದು ಕಂಡಿತು.

ದೇವೀರಮ್ಮ ಬಾಯಿ ತೆರೆದರು. 'ಇನ್' ಎಂದು ಬಂದು ನಿಂತಿತು. ಅವರು ಕಣ್ಣು ಮುಚ್ಚಿ ತೆರೆದರು. ಸೆರಗು ಬಾಯಿಗೆ ಅಡ್ಡ ತಂದರು, ಮದುವೆಯ ಮಣೆಯ ಮೇಲಿರುವವರ ಹಾಗೆ. ಅದರ ಹಿಂದಿನಿಂದ ಆ ಮಾತು ಹೊರಗೆ ಬಂತು. ಪೂರ್ತಿ ಬಂತು.

ಹೇಗಿತ್ತು ಎಂದು ಸಾದಿಕ್ ಆಮೇಲೆ ಎಷ್ಟು ಕೇಳಿದರೂ ನಾನು ಹೇಳಲಿಲ್ಲ. ಅವನು ಕಿಟಕಿಯ ಹೊರಗಿದ್ದ, ಅವನಿಗೆ ಕೇಳಿರಲಿಲ್ಲ. ಭಟ್ಟರ ಹೋಟೆಲಿನಲ್ಲಿ ದೋಸೆಯ ಆಸೆ ತೋರಿಸಿ, "ಒಂದ್ಸಲ ಆಡಿ ತೋರ್ಸೋ, ನೀನು ಆಡದಿರೋ ದನಿ ಉಂಟಾ" ಅಂದ. ಉಂಟು ಅಂದೆ.

ಗವಿರಂಗಪ್ಪ ಕಂಬಿ ಹಿಡಿದು ಮತ್ತೆ ಬಗ್ಗಿದರು. ನೆಲದ ಮೇಲೆ ಕುಳಿತಿದ್ದ ದೇವೀರಮ್ಮ ಅದನ್ನು ನೋಡುತ್ತ ನೋಡುತ್ತ ಎದ್ದು ನಿಂತರು. ಎರಡು ಕೈಯಿಂದಲೂ ಸೆರಗು ಹಿಡಿದುಕೊಂಡಿದ್ದರು. ಮೊಣಕಾಲು ಹಿಡಿದುಕೊಳ್ಳಲು ಅವರಿಗೆ ನೆನಪೇ ಆಗಲಿಲ್ಲ.